ಹನ್ನೊಂದನೆಯ ಹಾಳೆ

ಅಂಗೈಯಲ್ಲಿ ಕೂರುವಂಥ ಫೋಟೊ ಪ್ರಿಂಟರ್ ಒಂದು ಮನೆಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ, ಮುಚ್ಚಳ ತೆಗೆದು ಇಂಕ್ ಎಲ್ಲಿ ತುಂಬೋದು ಅಂತ ಹುಡುಕಿದ್ದು. ಕಾರ್ಟ್ರಿಜ್ ಇಲ್ಲ, ರಿಬ್ಬನ್ ಇಲ್ಲ. ಪುಟ್ಟ ರೋಲರ್, ಕಾಗದ ಇಡುವಷ್ಟು ಜಾಗ, ಅಷ್ಟೇ. ಕಾಗದದ ಪೊಟ್ಟಣದ ಮೇಲೆ ‘ಝಿಂಕ್’ ಅಂತ ಬರೆದಿತ್ತು. ಓ, ಸತುವಿನಿಂದ ಏನೋ ಮಾಡ್ತಾರೆ ಅಂದುಕೊಂಡೆ. ಮನೆಯವರಿಗೂ ಹಾಗೇ ಹೇಳಿದೆ, ಸ್ವಲ್ಪ ಗತ್ತಿನಿಂದಲೇ. ಆಮೇಲೆ ಗೊತ್ತಾಯಿತು, ಅದಕ್ಕೂ ಲೋಹಕ್ಕೂ ಸಂಬಂಧವೇ ಇಲ್ಲ. ‘ಝೀರೋ ಇಂಕ್’ ಎಂಬುದನ್ನು ಒತ್ತಿ ಚಿಕ್ಕದು ಮಾಡಿದ ಹೆಸರು ಅದು. ಸತುವಿನ ಮಾತನ್ನು ನಾನಿನ್ನೂ ವಾಪಸ್ ತಗೊಂಡಿಲ್ಲ. ಯಾರೂ ಕೇಳಿಲ್ಲ.

ಇಂಕ್ ಇಲ್ಲ ಅನ್ನೋದು ಕೂಡ ಅರ್ಧ ನಿಜ. ಪ್ರಿಂಟರಿನೊಳಗೆ ಇಲ್ಲ, ಸರಿ. ಆದರೆ ಕಾಗದದೊಳಗೆ ಇದೆ. ನೋಡಲು ಅಚ್ಚ ಬಿಳಿ. ಆ ಬಿಳಿಯ ಒಳಗೆ ಮೂರು ಪದರ: ಮೇಲೆ ಹಳದಿ, ನಡುವೆ ಕೆನ್ನೇರಳೆಯಂಥ ಮಜೆಂಟಾ, ಅಡಿಯಲ್ಲಿ ತಿಳಿನೀಲಿಯಂಥ ಸಯಾನ್. ಹರಳಿನ ರೂಪದಲ್ಲಿ ಇರುವವರೆಗೆ ಇವಕ್ಕೆ ಬಣ್ಣವೇ ಇರುವುದಿಲ್ಲ. ಬಿಸಿ ತಾಗಿ ಕರಗಿದರೆ ಬಣ್ಣ ಬರುತ್ತದೆ. ತಣ್ಣಗಾದ ಮೇಲೆ ಮತ್ತೆ ಹರಳಾಗದೆ ಹಾಗೇ ಉಳಿಯುತ್ತವೆ, ಬಣ್ಣವೂ ಉಳಿಯುತ್ತದೆ.

ಅಲ್ಲಿಗೆ ನನ್ನ ತಲೆಯಲ್ಲಿ ಒಂದು ತಕರಾರು ಎದ್ದಿತು. ಬಿಸಿ ಮಾಡೋದು ಒಂದೇ ಕಡೆಯಿಂದ, ಮೇಲಿನಿಂದ. ಹಾಗಿದ್ದಮೇಲೆ ಅಡಿಯ ಪದರವನ್ನು ಮುಟ್ಟಬೇಕಾದರೆ ಮೇಲಿನದು ಮೊದಲೇ ಕರಗಿಹೋಗಬೇಕಲ್ವಾ? ಎಲ್ಲ ಫೋಟೊಗೂ ಕಾಮಾಲೆ ಬರಬೇಕಿತ್ತು. ಇದರ ಉತ್ತರ ಓದಿದ ದಿನ ನಾನು ಸುಮ್ನೆ ಖುಷಿಪಟ್ಟೆ. ಕಾದ ಪಾತ್ರೆಗೆ ಬೆರಳು ತಾಗಿದರೆ ಚುರುಕ್ ಅನ್ನುತ್ತದೆ. ಬಿಸಿ ಜೋರು, ಆದರೆ ಚರ್ಮದ ಮೇಲಷ್ಟೇ. ಒಳಗಿಳಿಯುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಸೊಂಟನೋವಿಗೆ ಇಟ್ಟುಕೊಳ್ಳುವ ಬಿಸಿನೀರಿನ ಚೀಲ ಹಾಗಲ್ಲ. ಅದರ ಬಿಸಿ ಹದವಾಗಿರುತ್ತದೆ, ಹೊತ್ತು ಜಾಸ್ತಿ. ನಿಧಾನವಾಗಿ ಮೂಳೆಯವರೆಗೂ ಇಳಿಯುತ್ತದೆ. ಈ ಪ್ರಿಂಟರ್ ಮಾಡೋದೂ ಇದನ್ನೇ. ಮೇಲಿನ ಹಳದಿ ಕರಗಲು ತುಂಬಾ ಬಿಸಿ ಬೇಕು, ಆದರೆ ಕ್ಷಣಮಾತ್ರ ಸಾಕು. ಅಡಿಯ ಸಯಾನ್ ಕಡಿಮೆ ಬಿಸಿಗೇ ಕರಗುತ್ತದೆ, ಆದರೆ ಬಿಸಿ ಅಲ್ಲಿಯವರೆಗೆ ಇಳಿಯುವಷ್ಟು ಹೊತ್ತು ಬೇಕು. ಮಜೆಂಟಾ ಎರಡರಲ್ಲೂ ನಡುವಿನದು. ಸಾಲಾಗಿ ಕೂತ ಪುಟ್ಟ ಪುಟ್ಟ ಹೀಟರುಗಳು ಒಂದೊಂದು ಚುಕ್ಕಿಗೂ ಇಲ್ಲಿ ಚುರುಕ್, ಅಲ್ಲಿ ಚೀಲ ಅಂತ ಲೆಕ್ಕ ಹಾಕಿ ಕಾಯಿಸುತ್ತವೆ. ಕಾಗದ ಒಂದೇ ಸಲ ಹಾದುಹೋಗುತ್ತದೆ, ಮುಗಿಯಿತು.

ಕಪ್ಪಿಗೆ ಬೇರೆ ಪದರ ಇಲ್ಲ. ಮೂರೂ ಒಟ್ಟಿಗೆ ಎದ್ದರೆ ಕಪ್ಪು. ಯಾವುದೂ ಏಳದಿದ್ದರೆ ಬಿಳಿ. ನಾನು ಮೊದಲು ಪ್ರಿಂಟ್ ಮಾಡಿದ್ದು ಅಮ್ಮನ ಫೋಟೊ. ಅವಳ ತಲೆಗೂದಲಲ್ಲಿ ಕಪ್ಪು ಉಳಿದಿರುವ ಕಡೆಯೆಲ್ಲ ಮೂರು ಬಣ್ಣವೂ ದುಡಿದಿವೆ. ಕಿವಿಯ ಮೇಲಿನ ನೆರೆಗೂದಲ ಹತ್ತಿರ ಬಂದಾಗ ಮಾತ್ರ ಯಂತ್ರ ಕಾಗದವನ್ನು ಹೆಚ್ಚುಕಡಿಮೆ ಅದರ ಪಾಡಿಗೆ ಬಿಟ್ಟು ಮುಂದೆ ಹೋಗಿದೆ.

ಈ ಕಾಗದ ಹುಟ್ಟಿದ್ದು, ತೆಗೆದ ಫೋಟೊವನ್ನು ಅಲ್ಲೇ ಕೈಗೆ ಕೊಡುವ ಕ್ಯಾಮೆರಾಕ್ಕೆ ಹೆಸರಾದ ಪೊಲರಾಯ್ಡ್ ಕಂಪನಿಯ ಮನೆಯಲ್ಲೇ. 1943ರಲ್ಲಿ ಆ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ಮನೆಮಂದಿಯ ಜೊತೆ ಅಮೆರಿಕದ ಸಾಂಟಾ ಫೆ ಊರಿಗೆ ರಜೆಗೆ ಹೋಗಿದ್ದಾಗ ಮೂರು ವರ್ಷದ ಮಗಳು ಕೇಳಿದಳಂತೆ, ಈಗ ತೆಗೆದ ಫೋಟೊ ಈಗಲೇ ಯಾಕೆ ನೋಡಕ್ಕಾಗಲ್ಲ ಅಂತ. ಆ ಪ್ರಶ್ನೆಗೆ ಉತ್ತರವಾದ ಕ್ಯಾಮೆರಾ 1948ರಲ್ಲಿ ಅಂಗಡಿಗೆ ಬಂತು. ಝಿಂಕ್ ಕಾಗದದ ಕೆಲಸ ಅದೇ ಕಂಪನಿಯೊಳಗೆ ಶುರುವಾಗಿ, 2005ರಲ್ಲಿ ಬೇರೆ ಕಂಪನಿಯಾಗಿ, 2008ರಲ್ಲಿ ಜೇಬಿನ ಪ್ರಿಂಟರಿಗೆ ಇಳಿಯಿತು. ಅಷ್ಟರಲ್ಲಿ ಪ್ರಶ್ನೆಯೇ ಮಗುಚಿಕೊಂಡಿತ್ತು. ತೆಗೆದ ಕೂಡಲೇ ಎಲ್ಲರೂ ನೋಡುತ್ತಾರೆ, ಕೈಗೆ ಮಾತ್ರ ಏನೂ ಬರುವುದಿಲ್ಲ. ಆ ಮಗು ಇವತ್ತು ಹುಟ್ಟಿದ್ದರೆ, ನೋಡಿದ್ದು ಸಾಕು, ಕೊಡು ಅಂತಿದ್ದಳೋ ಏನೋ.

ಹಳೆಯ ಪೊಲರಾಯ್ಡ್ ಫೋಟೊವನ್ನು ಜನ ಗಾಳಿಯಲ್ಲಿ ಬೀಸುತ್ತಿದ್ದರು, ಬೇಗ ಮೂಡಲಿ ಅಂತ. ಇದಕ್ಕೆ ಅದು ಬೇಕಿಲ್ಲ. ಒದ್ದೆ ಇಲ್ಲ, ಕಾಯೋದಿಲ್ಲ, ಪೂರ್ತಿ ಚಿತ್ರವಾಗಿಯೇ ಹೊರಗೆ ಬರುತ್ತದೆ. ಒಂಚೂರು ಬೆಚ್ಚಗಿರುತ್ತದೆ, ತುದಿ ಸ್ವಲ್ಪ ಸುರುಳಿಕೊಂಡಿರುತ್ತದೆ. ಆದರೂ ನಾನು ಬೀಸುತ್ತೇನೆ. ಕೈ ಸುಮ್ಮನಿರಲ್ಲ. ಒಮ್ಮೆ ಅವಸರ ತಡೆಯದೆ ಬರುತ್ತಿದ್ದ ಹಾಳೆಯ ತುದಿ ಹಿಡಿದು ಎಳೆದೆ. ಫೋಟೊದಲ್ಲಿದ್ದವರ ಹಣೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಬಿತ್ತು.

ಬಣ್ಣದ ವಿಷಯದಲ್ಲಿ ನಾನು ಇದರ ಪರ ವಕಾಲತ್ತು ಮಾಡಲಾರೆ. ಫೋನಿನಲ್ಲಿ ಮಿರಿಮಿರಿ ಮಿಂಚುವ ಸಂಜೆ ಇಲ್ಲಿ ತೊಳೆದು ಒಣಗಿಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. ಮಬ್ಬು ಬೆಳಕಿನ ಫೋಟೊ ಕೊಟ್ಟರಂತೂ ಕತ್ತಲೆಯೇ ಗತಿ. ಮುಖ ಹತ್ತಿರ ಇರಬೇಕು, ಬೆಳಕು ಧಾರಾಳವಾಗಿರಬೇಕು. ಬೆಟ್ಟ, ಕಡಲು, ನೂರು ಜನರ ಗುಂಪು, ಇವೆಲ್ಲ ಈ ಹಾಳೆಗೆ ದೊಡ್ಡವರ ಮಾತು.

ಹಾಳೆಯ ಅಳತೆ ಎರಡು ಇಂಚಿಗೆ ಮೂರು ಇಂಚು. ಫೋನಿನ ಫೋಟೊ ಸಾಮಾನ್ಯವಾಗಿ ಮೂರಕ್ಕೆ ನಾಲ್ಕರ ಲೆಕ್ಕ. ಕಾಗದ ತುಂಬಿಸಬೇಕಾದರೆ ಅಗಲದಲ್ಲಿ ಒಂಬತ್ತರಲ್ಲೊಂದು ಪಾಲು ಹೋಗುತ್ತದೆ. ಕೇಳಲು ಇಷ್ಟೇ ಅನ್ನಿಸುತ್ತದೆ. ಅಮ್ಮ, ಚಿಕ್ಕಮ್ಮ ಪಕ್ಕಪಕ್ಕ ನಿಂತ ಫೋಟೊ ಪ್ರಿಂಟ್ ಮಾಡಿದಾಗ ಆ ಪಾಲಿನಲ್ಲಿ ಹೋದದ್ದು ಚಿಕ್ಕಮ್ಮನ ಎಡಗಿವಿ, ಓಲೆ ಸಮೇತ. ಹೊಸ ಓಲೆ ತೋರಿಸಲೆಂದೇ ತೆಗೆಸಿಕೊಂಡ ಫೋಟೊ ಅದು.

ಅಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಕೊನೆಗೆ ಕಾಗದದ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು. ಫೋನಿನ ಅಭ್ಯಾಸ. ತಾನು ಮಾಡಿದ್ದು ತನಗೇ ಗೊತ್ತಾಗಿ ನಕ್ಕಳು. “ಓಲೆ ಎಲ್ಲೋ?” ಅಂದಳು. “ಕಟ್ ಆಗಿದೆ ಅಮ್ಮ.” “ಅವಳಿಗೆ ತೋರಿಸಬೇಡ ಮತ್ತೆ.”

ಹಿಂಬದಿಯಲ್ಲಿ ಅಂಟು ಇರುವುದು ಇದರ ಇನ್ನೊಂದು ಆಕರ್ಷಣೆ. ಮೂಲೆಯನ್ನು ಉಗುರಿನಿಂದ ಬಿಡಿಸಬೇಕು. ಒಂದು ಮೂಲೆ ಬಿಡಲ್ಲ, ಎರಡನೆಯದೂ ಬಿಡಲ್ಲ, ಮೂರನೆಯದಕ್ಕೆ ಬರುವಷ್ಟರಲ್ಲಿ ಫೋಟೊದಲ್ಲಿರುವವರ ಭುಜ ಮಡಿಚಿಕೊಂಡಿರುತ್ತದೆ. ಅಂಟಿಸಿದ್ದಾದ ಮೇಲೆ ಸೊಟ್ಟ ಅಂತ ತೆಗೆಯಲು ಹೋದರೆ ಗೋಡೆಯ ಬಣ್ಣವೂ ಜೊತೆಗೆ ಬರುತ್ತದೆ. ಇದು ಅನುಭವದ ಮಾತು.

ಆದರೆ ನನಗೆ ಇಷ್ಟವಾದದ್ದು ಫೋಟೊ ಮೂಡದ ಹಾಳೆ. ಹತ್ತು ಹಾಳೆಯ ಪೊಟ್ಟಣ ಬಿಚ್ಚಿದರೆ ಹನ್ನೊಂದನೆಯದೊಂದು ಇರುತ್ತದೆ, ನೀಲಿ ಬಣ್ಣದ್ದು, ಒಂದು ಮೈಗೆ ಬಾರ್‌ಕೋಡ್. ಅದನ್ನು ಕಟ್ಟಿನ ಅಡಿಗೆ, ಬಾರ್‌ಕೋಡ್ ಕೆಳಮುಖವಾಗಿ ಇಡಬೇಕು. ಯಂತ್ರ ಮೊದಲು ಎಳೆದುಕೊಳ್ಳುವುದು ಇದನ್ನೇ. ಈ ಪೊಟ್ಟಣದ ಕಾಗದ ಬಿಸಿಗೆ ಹೇಗೆ ಬಣ್ಣ ಬಿಡುತ್ತದೆ ಎಂಬ ಗುಟ್ಟು ಅದರಲ್ಲಿದೆ. ಗುಟ್ಟು ಹೇಳಿ, ರೋಲರಿನ ಧೂಳನ್ನೂ ಒರೆಸಿಕೊಂಡು, ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ನಾನು ಮೊದಲ ಪೊಟ್ಟಣದಲ್ಲಿ ಅದನ್ನು ರಟ್ಟು ಅಂದುಕೊಂಡು ಬಿಸಾಕಿದ್ದೆ. ಪೊಟ್ಟಣ ಮುಗಿಯುವವರೆಗೂ ಇಟ್ಟುಕೊಂಡಿರಬೇಕು, ಬಣ್ಣ ಕೆಟ್ಟರೆ ಮತ್ತೆ ಅದನ್ನೇ ಹಾಯಿಸಬೇಕು ಅಂತ ತಿಳಿದದ್ದು ಆಮೇಲೆ.

ಮೊನ್ನೆ ಹಾಗೇ ಆಯಿತು. ಎಲ್ಲರ ಮುಖವೂ ಜ್ವರ ಬಂದವರಂತೆ ಕೆಂಪು. ನೀಲಿ ಹಾಳೆಗಾಗಿ ಡ್ರಾಯರ್ ಎಲ್ಲ ತಡಕಾಡಿದೆ. ಸಿಕ್ಕಿದ್ದು ಅಮ್ಮ ಓದುತ್ತಿದ್ದ ಪುಸ್ತಕದ ನಡುವೆ. ಗಟ್ಟಿಯಾಗಿದೆ, ಗುರುತಿಗೆ ಚೆನ್ನಾಗಿದೆ ಅಂತ ಎತ್ತಿಟ್ಟುಕೊಂಡಿದ್ದಳು. ಬೇಕಿತ್ತು ಅಂದೆ. “ತಡಿ, ಪುಟ ತಪ್ಪಿಹೋಗತ್ತೆ” ಅಂದಳು. ಪುಸ್ತಕದ ಹಿಂದಿನ ರಟ್ಟಿನೊಳಗಿಂದ ಓಲೆಯಿಲ್ಲದ ಫೋಟೊ ತೆಗೆದಳು, ಆ ಪುಟಕ್ಕೆ ಇಟ್ಟಳು, ನೀಲಿ ಹಾಳೆ ನನ್ನ ಕೈಗೆ ಕೊಟ್ಟಳು.