ಹುಳದ ಮೇಲೊಂದು ಪ್ರಾಜೆಕ್ಟ್

ಭಾನುವಾರ ರಾತ್ರಿ ಊಟದ ಹೊತ್ತಿಗೆ ಬೆಲ್ ಆದರೆ, ನಮ್ಮ ಬೀದಿಯಲ್ಲಿ ಅದು ಪ್ರಾಜೆಕ್ಟ್ ಅಂತಲೇ ಲೆಕ್ಕ. ಪಕ್ಕದ ಮನೆಯವರು ಪೆನ್‌ಡ್ರೈವ್ ಹಿಡಿದು ನಿಂತಿದ್ದರು. "ನಿಮ್ಮ ಪ್ರಿಂಟರಲ್ಲಿ ಕಲರ್ ಇದೆಯಾ? ಒಂದು ಜ್ವಾಲಾಮುಖಿ ಬೇಕಿತ್ತು." ಮಗಳೆಲ್ಲಿ ಅಂದೆ. "ಪಾಪ, ಆಗಲೇ ಮಲಗಿಬಿಟ್ಟಳು." ಮಕ್ಕಳ ಸಂಶೋಧನೆ ನಡೆಯುವುದೇ ಹೀಗೆ. ಅಪ್ಪ ಥರ್ಮೋಕೋಲ್ ಕೊಯ್ಯುತ್ತಾನೆ, ಅಮ್ಮ ಫೆವಿಕಾಲ್ ಹಚ್ಚುತ್ತಾಳೆ, ಮಗು ಕೊನೆಗೆ ಎದ್ದು ಬಂದು ಹೆಸರು, ರೋಲ್ ನಂಬರ್ ಬರೆಯುತ್ತದೆ.

ಶಾಲೆಯ ಲೈಬ್ರರಿಯಲ್ಲಿ ಕೂತು ಮಕ್ಕಳೇ ಮಾಡಲಿ ಅನ್ನಬಹುದು. ಮೊದಲು ಬೀರುವಿನ ಬೀಗ ತೆಗೆಯಬೇಕಲ್ವಾ? ಪುಸ್ತಕ ಇರುವುದೇ ಬಳಸುವುದಕ್ಕೆ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗೆ ಮೊದಲ ಸೂತ್ರ ಮಾಡಿಟ್ಟರು. 1962ರಲ್ಲಿ ಇದೇ ಬೆಂಗಳೂರಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಒಂದು ಕೇಂದ್ರವನ್ನೂ ಕಟ್ಟಿದರು. ನಾವು ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನ ಅಂತ, ಅವರ ಫೋಟೋಗೆ ಹಾರ ಹಾಕುತ್ತೇವೆ. ಫೋಟೋ ಕೆಳಗಿನ ಬೀರುವಿಗೆ ಮತ್ತೆ ಬೀಗ. ಸ್ಟಾಕ್ ಎಣಿಸುವಾಗ ಒಂದು ಪುಸ್ತಕ ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕಾದೀತು ಅನ್ನುವ ಭಯ ಮೇಷ್ಟರಿಗೆ. ಭಯ ಸುಳ್ಳಲ್ಲ ಬಿಡಿ. ಆದರೂ ನನಗೆ ಸಿಟ್ಟು ಬರುತ್ತದೆ.

ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಹೇಗೋ ಬೀಗ ತೆಗೆದರು. ಏಳನೇ ಕ್ಲಾಸಿನವರಿಗೆ "ಏನು ಬೇಕಾದರೂ ಆರಿಸಿಕೊಳ್ಳಿ" ಎಂದರು. ಮೇಷ್ಟರ ಲೆಕ್ಕದಲ್ಲಿ ಏನು ಬೇಕಾದರೂ ಅಂದರೆ ಸೌರಮಂಡಲ, ಇಲ್ಲವೇ ಮಳೆನೀರು ಕೊಯ್ಲು. ಹುಡುಗರು ಆರಿಸಿದ್ದು ಬೀರು ತೆಗೆದ ಕೂಡಲೇ ಪುಸ್ತಕದೊಳಗಿಂದ ಸರ್ರನೆ ಓಡಿದ ಬೆಳ್ಳಿ ಬಣ್ಣದ ಹುಳವನ್ನು. ಸಿಲ್ವರ್‌ಫಿಶ್.

ಮೂರು ಬಾಲ, ಎರಡು ಮೀಸೆ, ರೆಕ್ಕೆ ಇಲ್ಲ. ಬೆಳಕು ಬಿದ್ದರೆ ಪರಾರಿ. ಹುಡುಗರು ಒಂದಷ್ಟನ್ನು ಗಾಜಿನ ಬಾಟಲಿಗೆ ಹಾಕಿ, ಒಂದು ಬರೀ ಹಾಳೆ, ಒಂದು ಮೈದಾ ಗೋಂದು ಬಳಿದ ಹಾಳೆ ಇಟ್ಟರು. ಬಾಟಲಿಗೆ ಕಪ್ಪು ಬಟ್ಟೆ ಸುತ್ತಿದರು. ಕೆಲವು ದಿನ ಬಿಟ್ಟು ನೋಡಿದರೆ ಗೋಂದಿನ ಹಾಳೆಯ ಮೈಯೆಲ್ಲ ಕೆರೆದುಹೋಗಿತ್ತು. ಬರೀ ಹಾಳೆ ಹೆಚ್ಚುಕಮ್ಮಿ ಹಾಗೇ ಇತ್ತು. ಅದಕ್ಕೆ ಬೇಕಿದ್ದದ್ದು ಸಾಹಿತ್ಯವಲ್ಲ, ಬೈಂಡಿಂಗ್! ಪುಸ್ತಕವನ್ನು ಆಚೆಯಿಂದ ಈಚೆಗೆ ಕೊರೆದ ದುಂಡನೆ ತೂತುಗಳಿದ್ದವಲ್ಲ, ಅವು ಇದರ ಕೆಲಸವೇ ಅಲ್ಲ, ಬೇರೊಂದು ಜೀರುಂಡೆಯ ಮರಿಯದ್ದು ಅಂತಲೂ ಹುಡುಕಿ ಬರೆದರು. ಇಷ್ಟು ದಿನ ಹೊರಿಸಿದ್ದ ಆರೋಪದಲ್ಲಿ ಅರ್ಧ ಖುಲಾಸೆ. ಒಬ್ಬಳಂತೂ ಯಾವ ಕಪಾಟಿನ ಪುಸ್ತಕ ಹೆಚ್ಚು ಹಾಳಾಗಿದೆ ಅಂತ ಪಟ್ಟಿ ಮಾಡಿದಳು. ಗೋಡೆಯ ತೇವಕ್ಕೆ ತಾಗಿದ ಕೆಳಗಿನ ಸಾಲು ಮೊದಲನೆಯದು. ಅದರಲ್ಲಿ ಇದ್ದವು ಯಾರೂ ಮುಟ್ಟದ ವಾರ್ಷಿಕ ವರದಿಗಳು. ಹುಳವಾದರೂ ಓದಿತು ಅನ್ನಿ.

ಪ್ರದರ್ಶನದ ದಿನ ತೀರ್ಪುಗಾರರು ಬಂದರು. "ಇದರಿಂದ ಸಮಾಜಕ್ಕೆ ಏನು ಉಪಯೋಗ?" ಎಂದು ಕೇಳಿದರು. ಪಕ್ಕದ ಜ್ವಾಲಾಮುಖಿಗೆ ಮಾತ್ರ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಅದು ವಿನೆಗರ್ ಕಕ್ಕಿ ಬಹುಮಾನ ತಗೊಂಡಿತು. ಇವರ ಚಾರ್ಟಿನಲ್ಲಿ 'ತೀರ್ಮಾನ' ಅನ್ನುವ ಜಾಗದಲ್ಲಿ 'ಇನ್ನೂ ನೋಡಬೇಕು' ಅಂತಿತ್ತು. ಮಾರ್ಕು ಕಟ್.

ಮರುದಿನ ಹೆಡ್‌ಮಾಸ್ಟರು ಉತ್ಸಾಹದಿಂದ ಒಂದು ಪೊಟ್ಟಣ ನುಸಿಗುಳಿಗೆ ತಂದರು. ಹುಡುಗರು ಬೀರುವಿಗೆ ಅಡ್ಡ ನಿಂತರು. "ಸ್ವಲ್ಪ ದಿನ ತಡೀರಿ ಸಾರ್, ಒಂದು ಈಗಷ್ಟೇ ಪೊರೆ ಬಿಟ್ಟಿದೆ!"