ಇಷ್ಟೂ ಗೊತ್ತಿಲ್ವಾ?

ನಾನು ಪಾಠ ಮಾಡುವ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇವತ್ತು ಕಂಡದ್ದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ನೇರ ಮೂರನೇ ಸೆಮಿಸ್ಟರಿಗೆ ಬಂದ ಹುಡುಗ. ಬ್ರೆಡ್‌ಬೋರ್ಡ್ ಮೇಲೆ 10 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್. 5 ವೋಲ್ಟ್ ಕೊಡುವ ಮೊದಲೇ "ಒಂದು ಸೆಕೆಂಡಿಗೆ ಕೆಪಾಸಿಟರಿನಲ್ಲಿ ಮೂರು ಚಿಲ್ಲರೆ ವೋಲ್ಟ್ ಬರುತ್ತೆ ನೋಡಿ ಮೇಡಂ" ಅಂದ. ಮೀಟರ್ ಹಾಗೇ ತೋರಿಸಿತು. ಪಕ್ಕದ ಟೇಬಲ್ಲಿನವರು ಇನ್ನೂ ಕೆಪಾಸಿಟರಿನ ಮೈನಸ್ ಕಾಲು ಯಾವುದು ಅಂತ ಹುಡುಕುತ್ತಿದ್ದರು.

ಅದೇ ಸರ್ಕ್ಯೂಟನ್ನು ಲಾಪ್ಲಾಸ್ ಹಾಕಿ ಬಿಡಿಸು ಅಂದೆ. ಸರ್ಕ್ಯೂಟಿನ ಸಮೀಕರಣವನ್ನು ಸುಲಭದ ಬೀಜಗಣಿತವಾಗಿಸುವ ಗಣಿತದ ವಿಧಾನ ಅದು. ಎರಡು ಸಾಲು ಬರೆದ, ಪೆನ್ನು ನಿಂತಿತು. "ಮೇಡಂ, ಇದು ಎರಡು ತುಂಡಾಗೋದು ಹೇಗೆ?" ಪಾರ್ಷಿಯಲ್ ಫ್ರ್ಯಾಕ್ಷನ್, ಅಂದರೆ ಒಂದು ದೊಡ್ಡ ಭಿನ್ನರಾಶಿಯನ್ನು ಸಣ್ಣ ಭಿನ್ನರಾಶಿಗಳ ಮೊತ್ತವಾಗಿ ಒಡೆಯುವುದು. ಪಿಯುಸಿಯವರು ಇದನ್ನು ಇಂಟಿಗ್ರೇಷನ್‌ನಲ್ಲಿ ಮಾಡಿಕೊಂಡು ಬಂದಿರುತ್ತಾರೆ. ಇವನು ಪಿಯುಸಿ ಮೆಟ್ಟಿಲನ್ನೇ ಹತ್ತಿಲ್ಲ.

ಅಬ್ಸರ್ವೇಷನ್ ಬುಕ್ಕಿನ ಹಿಂದಿನ ಪುಟದಲ್ಲಿ ಹೇಳಿಕೊಟ್ಟೆ. ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟೇ. ಉತ್ತರದಲ್ಲಿ ಒಂದು ಸೆಕೆಂಡ್ ಹಾಕಿ ನೋಡಿದ. 3.16. ಮೀಟರನ್ನು ನೋಡಿದ, ಪುಟ ನೋಡಿದ, ಮತ್ತೆ ಮೀಟರ್ ನೋಡಿದ. ಆ ಮುಖವನ್ನು ನೀವು ನೋಡಬೇಕಿತ್ತು!

ಹಾಗಾದರೆ ಇದನ್ನು ಅವನಿಗೆ ಮೊದಲೇ ಯಾಕೆ ಕಲಿಸಲಿಲ್ಲ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮನ್ನೇ, ಅಂದರೆ ಪಠ್ಯಕ್ರಮವನ್ನೇ ನೋಡಿ. ಡಿಪ್ಲೊಮಾದವರ ಕೊರತೆ ತುಂಬಲೆಂದು ಎಡಿಷನಲ್ ಮ್ಯಾಥ್ಸ್-1 ಇತ್ತು. ಅದು ಇದ್ದದ್ದು ಮೂರನೇ ಸೆಮಿಸ್ಟರಿನಲ್ಲಿ. ಲಾಪ್ಲಾಸ್ ಇದ್ದ ಎಂ-3 (ಮೂರನೇ ಸೆಮಿಸ್ಟರಿನ ಗಣಿತ) ಕೂಡ ಅಲ್ಲೇ. ಇಸಿಯವರಿಗೆ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸರ್ಕ್ಯೂಟ್ ಬಿಡಿಸುವ ವಿಷಯವಾದ ನೆಟ್‌ವರ್ಕ್ ಥಿಯರಿಯೂ ಅಲ್ಲೇ. ಬೇಕಾದ ಪಾಠವೂ, ಅದು ಬೇಕಾಗುವ ಪಾಠವೂ ಒಂದೇ ವಾರ ನಡೆದರೆ ಮಗು ಏನು ಮಾಡಬೇಕು?

"ಪಾಯ ಗಟ್ಟಿ ಇಲ್ಲದವರನ್ನು ಮುಂದೆ ತಳ್ಳಬಾರದು" ಅಂತ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಪಾಯ ಬೇಡ ಅಂತ ನಾನೆಲ್ಲಿ ಹೇಳಿದೆ? ಸೆಮಿಸ್ಟರ್ ಶುರುವಾಗುವ ಮೊದಲು ಎರಡು ವಾರ ಕೊಡಿ ಅಂತಿದ್ದೇನೆ. ಇನ್ನು, ವಿಷಯಗಳ ಕ್ರಮ ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. 2015ರ ಸ್ಕೀಮಿನಲ್ಲಿ ಲಾಪ್ಲಾಸ್ ಎಂ-2ರಲ್ಲಿತ್ತು, 2018ರಲ್ಲಿ ಎಂ-3ಕ್ಕೆ ಬಂತು. ಅದನ್ನು ಸರಿಸಬಹುದಾದರೆ ಕೊರತೆ ತುಂಬುವ ಈ ಪಾಠವನ್ನೂ ಸರಿಸಬಹುದು ಅಲ್ವಾ?

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಪ್ರಶ್ನೆ ಕೇಳಿದ ಹುಡುಗನಿಗೆ ಇಡೀ ಕ್ಲಾಸಿನ ಮುಂದೆ "ಇಷ್ಟೂ ಗೊತ್ತಿಲ್ವಾ?" ಅಂದಿದ್ದೆ. ಅವನು ಕೂತುಬಿಟ್ಟ. ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಪ್ಪತ್ತು ನಿಮಿಷ ಅವನಿಗೂ ಸಾಕಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಲ್ಯಾಬ್ ತೆಗೆದಿಡುತ್ತೇನೆ. ನನ್ನ ಕ್ಲಾಸಿನ ಡಿಪ್ಲೊಮಾ ಮಕ್ಕಳು ಇದನ್ನು ಓದುತ್ತಿದ್ದರೆ ಬನ್ನಿ. ಯಾವ ಪ್ರಶ್ನೆ ಇದ್ದರೂ ಕೇಳಿ, ಎಷ್ಟು ಸಣ್ಣದಾದರೂ ಸರಿ.