ಮೊಬೈಲ್ ಬಿಡಿ, ಲೈಕ್ ಒತ್ತಿ

ನಮ್ಮ ಬಡಾವಣೆಯ ಶಾಲೆಯೊಂದರಲ್ಲಿ 'ಮೊಬೈಲ್ ಚಟ ಬಿಡಿ' ಸಪ್ತಾಹ. ಏಳು, ಎಂಟು, ಒಂಬತ್ತನೇ ಕ್ಲಾಸಿನವರಿಗೆ ಸ್ಪರ್ಧೆ. ಮೊಬೈಲಿನ ಕೆಡುಕಿನ ಬಗ್ಗೆ ಒಂದು ನಿಮಿಷದ ರೀಲ್ಸ್ ಮಾಡಿ ಇನ್‌ಸ್ಟಾಗ್ರಾಂಗೆ ಹಾಕಬೇಕು. ಯಾರಿಗೆ ಜಾಸ್ತಿ ಲೈಕ್ ಬರುತ್ತದೋ ಅವರಿಗೆ ಬಹುಮಾನ. ನಿಯಮಗಳು ವಾಟ್ಸಾಪ್ ಗ್ರೂಪಿನಲ್ಲಿವೆ, ಮಕ್ಕಳೇ ನೋಡಿಕೊಳ್ಳಬೇಕು.

ಅಲ್ಲಿಂದ ಮನೆಮನೆಯಲ್ಲೂ ಚುನಾವಣೆ ಕಳೆ. ಅಮ್ಮಂದಿರು ತವರಿನ ಗ್ರೂಪು, ಭಜನಾ ಮಂಡಳಿ ಗ್ರೂಪು, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗ್ರೂಪು, ಒಂದನ್ನೂ ಬಿಡದೆ ಲಿಂಕ್ ಹಾಕಿದರು. 'ನಮ್ಮ ಪುಟ್ಟಂದು, ಮನೆಯವರ ಫೋನಿಂದಲೂ ಲೈಕ್ ಒತ್ತಿಸಿ ಪ್ಲೀಸ್.' ಪುಟ್ಟ ರಾತ್ರಿ ಹನ್ನೊಂದಕ್ಕೆ ರಗ್ಗಿನೊಳಗೆ ಲೈಕ್ ಎಣಿಸುತ್ತಿದ್ದಾನೆ. ಪಕ್ಕದ ಬೆಂಚಿನವನಿಗೆ ಮುನ್ನೂರು, ತನಗಿನ್ನೂ ಇನ್ನೂರ ಹತ್ತು. 'ಮಲಗೋ' ಅಂದರೆ, 'ಅಮ್ಮಾ, ಸ್ಕೂಲ್ ವರ್ಕ್ ಇದು!' ಅಮ್ಮ ಗಪ್‌ಚುಪ್.

ಹುಡುಗರನ್ನು ಫೋನಿಗಿಂತ ಜಾಸ್ತಿ ಹಿಡಿದಿಡುವುದು ಈ ಪಕ್ಕದ ಬೆಂಚಿನವನ ಲೆಕ್ಕ. ಅದನ್ನು ನೋಟಿಸ್ ಬೋರ್ಡಿಗೆ ಏರಿಸಿದ ಕೀರ್ತಿ ಮಾತ್ರ ದೊಡ್ಡವರದ್ದೇ.

ಉದ್ಘಾಟನೆಗೆ ಬಂದ ಅತಿಥಿಗಳು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಈ ಚಟಕ್ಕೆಂದು 'ಶಟ್' ಕ್ಲಿನಿಕ್ ತೆರೆದಿದ್ದನ್ನು ಹೇಳಿದರು. ಒಳ್ಳೆಯ ಮಾತು. ಫೋನ್ ನೋಡಿಕೊಂಡೇ ಓದಿದರು. ನಡುವೆ ಯಾವುದೋ ಕಾಲ್ ಬಂದು ಭಾಷಣ ಎಲ್ಲಿ ನಿಂತಿತ್ತೆಂದು ಅವರಿಗೇ ಮರೆತುಹೋಯಿತು.

ಇನ್‌ಸ್ಟಾಗ್ರಾಂ ಖಾತೆಗೆ 13 ತುಂಬಿರಬೇಕು. ಏಳನೇ ಕ್ಲಾಸಿನವರಿಗೆ ಎಲ್ಲಿ ತುಂಬುತ್ತೆ? ಹುಟ್ಟಿದ ದಿನ 1-1-1990 ಅಂತ ಒತ್ತಿದರು, ಮುಗೀತು. ಅವರ ಗಣಿತದ ಮಿಸ್ ಅವರಿಗಿಂತ ಚಿಕ್ಕವರು ಈಗ. ಆಸ್ಟ್ರೇಲಿಯಾದವರು 2025ರ ಡಿಸೆಂಬರಿನಿಂದ 16ರ ಒಳಗಿನವರಿಗೆ ಖಾತೆಯೇ ಬೇಡ ಎಂದಿದ್ದಾರೆ. ನಮ್ಮ ಹೈಕೋರ್ಟ್ 2023ರಲ್ಲಿ ವಿಚಾರಣೆಯ ನಡುವೆ 21ರ ಮಾತನ್ನೂ ಎತ್ತಿತ್ತು. ಎತ್ತಲಿ ಬಿಡಿ, 1990ರಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅದರಿಂದೇನೂ ತೊಂದರೆಯಿಲ್ಲ.

ಇನ್ನು ಕೇಂದ್ರದ 2023ರ ಡೇಟಾ ಕಾನೂನು. 18ರ ಒಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕಂತೆ. ಅದು ಪೂರ್ತಿ ಜಾರಿಗೆ ಬಂದ ದಿನ ಏನಾಗುತ್ತದೆ ಅಂತ ಈಗಲೇ ಹೇಳಬಲ್ಲೆ. ಅಪ್ಪನ ಫೋನಿಗೆ ಒಟಿಪಿ ಬರುತ್ತದೆ. ಅಪ್ಪನ ಫೋನ್ ಪುಟ್ಟನ ಕೈಯಲ್ಲಿರುತ್ತದೆ.

'ಏನೋ ಅದು, ಮೆಸೇಜು?'

'ಏನಿಲ್ಲಪ್ಪ, ಬ್ಯಾಂಕಿನೋರದ್ದು. ಯಾರಿಗೂ ಹೇಳಬೇಡಿ ಅಂತಿದ್ದಾರೆ.'